ಮೂರು ತಿಂಗಳ ಎತ್ತರ

ಡಂಬೆಲ್ ನನ್ನ ಕಿವಿ ಸವರಿಕೊಂಡು ಹೋಗಿ ಹಿಂದಿನ ಕನ್ನಡಿಗೆ ಬಡಿಯಿತು. ಗಾಜೆಲ್ಲ ಚೂರುಚೂರು!

ತಲೆಗೆ ತಗುಲಿದ್ದರೆ ಈ ಕತೆಯನ್ನು ನಿಮಗೆ ಬೇರೆ ಯಾರಾದರೂ ಹೇಳಬೇಕಿತ್ತು.

"ಡಬ್ಬಿ ಎಲ್ಲಿ?" ಎಂದೆ.

"ಯಾವ ಡಬ್ಬೀನೋ?" ಜಿಮ್ ಟ್ರೈನರ್ ಗುರುಗುಟ್ಟಿದ. ಕುತ್ತಿಗೆಯೇ ಇಲ್ಲದ ಆಸಾಮಿ.

"ಬೆಳಿಗ್ಗೆ ಕ್ಲಿನಿಕ್ ಬಾಗಿಲಲ್ಲಿ ನನ್ನ ತಂಗಿ ಕೈಯಿಂದ ಕಿತ್ಕೊಂಡ್ ಬಂದ್ಯಲ್ಲ... ಗ್ರೋತ್ ಹಾರ್ಮೋನ್!"

"ಓ, ಅದಾ? ಹಾಳಾಗದ ಹಾಗೆ ಫ್ರಿಜ್ಜಲ್ಲಿಟ್ಟಿದೀನಿ. ನನ್ ಹುಡುಗ್ರ ಮಸಲ್‌ಗೆ ಬೇಕು. ನಡಿ ಆಚೆ!"

ಕಳೆದದ್ದನ್ನು ಹುಡುಕಿ ತರುವುದು ನನ್ನ ಹೊಟ್ಟೆಪಾಡು. ಆದರೆ ಇದು ನನ್ನ ಸೊಸೆಯ ಔಷಧಿ. ತಂಗಿಯ ಮಗಳು. ದಿನ ತುಂಬಿ ಹುಟ್ಟಿದರೂ ಒಂದೂಮುಕ್ಕಾಲು ಕೆ.ಜಿ. ಮುಂದೆ ಬೆಳೆಯುತ್ತಾಳೆ ಬಿಡಿ ಎಂದರು ಎಲ್ಲರೂ. ಬೆಳೆಯಲಿಲ್ಲ. ಏಳು ವರ್ಷಕ್ಕೂ ನಾಲ್ಕರ ಮಗುವಿನ ಅಂಗಿ. ದಿನಾ ಚುಚ್ಚುಮದ್ದು ಶುರುವಾದ ಮೇಲೆ ಮೊದಲ ಸಲ ಅವಳ ಚಪ್ಪಲಿ ಬಿಗಿಯಾಯಿತು. ತಂಗಿ ಖುಷಿಗೆ ಅತ್ತುಬಿಟ್ಟಳು.

ಡಬ್ಬಿಯಲ್ಲಿದ್ದದ್ದು ಮೂರು ತಿಂಗಳ ಔಷಧಿ. ಹೋದರೆ ಸರ್ಕಾರದಿಂದ ಮತ್ತೆ ಮಂಜೂರಾಗಲು ಆರು ತಿಂಗಳು. ಅಷ್ಟು ದಿನ ಮೂಳೆ ಸುಮ್ಮನೆ ಕಾಯುವುದಿಲ್ಲ ಎಂದಿದ್ದರು ಡಾಕ್ಟರು.

ಟ್ರೈನರ್ ಮುನ್ನುಗ್ಗಿದ. ಮೊಣಕಾಲಿಗೆ ಒಂದು ಒದೆ ಕೊಟ್ಟೆ. ಮಕಾಡೆ ಬಿದ್ದ! ಫ್ರಿಜ್ಜಿನಿಂದ ಡಬ್ಬಿ ಎಳೆದುಕೊಂಡು ಕಾಲಿಗೆ ಬುದ್ಧಿ ಹೇಳಿದೆ.

ಹಿಂದೆ ಅವನ ಹುಡುಗರ ಎರಡು ಬೈಕು... ಮೇಲೆ ಸುಡು ಬಿಸಿಲು... ತಂಗಿ ಹೇಳಿದ್ದು ನೆನಪಾಯಿತು. ಬಿಸಿಯಾದರೆ ಔಷಧಿ ಸತ್ತ ಹಾಗೇ ಅಣ್ಣ!

ಐಸ್ ಫ್ಯಾಕ್ಟರಿಯ ಗೇಟು ತೆರೆದಿತ್ತು. ಒಳಗೆ ನುಗ್ಗಿದೆ. ಕೋಲ್ಡ್ ರೂಮಿನಲ್ಲಿ ಐಸ್ ಗಡ್ಡೆಗಳ ನಡುವೆ ಡಬ್ಬಿ ಹುದುಗಿಸಿಟ್ಟು ಬಾಗಿಲಿಗೆ ಕಾವಲು ಕೂತೆ. ಬೈಕುಗಳು ನಾಲ್ಕು ಗಂಟೆ ಬೀದಿ ಸುತ್ತಿದವು. ನನಗೋ ಒಳಗೊಳಗೇ ನಗು.

ಸಂಜೆ ಕ್ಲಿನಿಕ್ಕಿನಲ್ಲಿ ಡಬ್ಬಿ ಮೇಜಿಗಿಟ್ಟೆ. ತಂಗಿ ಎರಡೂ ಕೈ ಮುಗಿದಳು.

ನರ್ಸ್ ಡಬ್ಬಿಯಿಂದ ಔಷಧಿ ತುಂಬಿದ ಒಂದು ಇಂಜೆಕ್ಷನ್ ಪೆನ್ನು ಎತ್ತಿ ಬೆಳಕಿಗೆ ಹಿಡಿದಳು. ಇನ್ನೊಂದು... ಮತ್ತೊಂದು...

"ಎಲ್ಲಿಟ್ಟಿದ್ರಿ ಇದನ್ನ?"

"ಐಸಲ್ಲಿ. ಯಾಕೆ?"

"ಹೆಪ್ಪುಗಟ್ಟಿದೆ. ಫ್ರಿಜ್ಜಲ್ಲಿಡಿ ಅಂದ್ರೆ ಐಸಲ್ಲಿ ಹೂಳಿ ಅಂತಲ್ಲ ಸಾರ್!"

"ಕರಗಿಸಿದ್ರೆ?"

"ಉಪಯೋಗ ಇಲ್ಲ. ಎಲ್ಲಾನೂ ಎಸೀಬೇಕು."

ತಂಗಿ ಪೆನ್ನುಗಳನ್ನು ಒಂದೊಂದಾಗಿ ಡಬ್ಬಿಗೆ ಜೋಡಿಸಿದಳು. ಬೈದಿದ್ದರೆ ವಾಸಿಯಾಗಿತ್ತು. ಸೊಸೆ ನನ್ನ ಪ್ಯಾಂಟು ಜಗ್ಗಿದಳು.

"ಮಾಮ, ಅವ್ರು ತುಂಬಾ ಹೊಡೆದ್ರಾ?"

"ಇಲ್ಲ ಪುಟ್ಟಿ" ಎಂದೆ.

ಕದ್ದವನು ಔಷಧಿಯನ್ನು ಜೋಪಾನವಾಗಿ ಇಟ್ಟಿದ್ದ. ಹಾಳು ಮಾಡಲು ಸ್ವಂತ ಸೋದರಮಾವನೇ ಬೇಕಾಯಿತು!