ಸಿಲೋನಿನಿಂದ ಬಂದ ಒಂದೇ ಕಣ್ಣು

ಅವರಿಬ್ಬರ ಪರಿಚಯ ಶುರುವಾದದ್ದೇ ಅವನ ಎಡವಟ್ಟಿನಿಂದ.

೧೯೬೯ರ ಬೇಸಿಗೆ. ಹೊಸಕೋಟೆಯ ಸೇವಾ ಕ್ಲಬ್ಬಿನವರು ಸೂಲಿಬೆಲೆಯ ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆಸಿದ್ದರು. ಡ್ರಾಯಿಂಗ್ ಮೇಷ್ಟ್ರು ಆದಿನಾರಾಯಣ ಕ್ಲಬ್ಬಿನ ಹೊಸ ಸದಸ್ಯ. ಗೋಡೆಗೆ ಅಕ್ಷರದ ಪಟ ತೂಗುಹಾಕಿ ಬಂದವರಿಂದ ಓದಿಸುವುದು ಅವನ ಕೆಲಸ. ಹಸಿರು ಸೀರೆಯ ಹುಡುಗಿಯೊಬ್ಬಳು ಬಂದು ಕೂತಳು. ಅವನು ಬರೆಯುತ್ತಲೇ, "ಮೇಲಿನ ಸಾಲು ಓದಮ್ಮ" ಎಂದ.

"ಓದ್ತೀನಿ ಮೇಷ್ಟ್ರೆ. ಮೊದ್ಲು ಗೋಡೆ ಯಾವ ಕಡೆ ಐತೆ ಹೇಳ್ಬಿಡಿ."

ತಲೆ ಎತ್ತಿದವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಮಾತ್ರ ತುಟಿಯಂಚಿನಲ್ಲೇ ನಗುತ್ತಿದ್ದಳು.

ಹೆಸರು ಮುನಿರತ್ನ. ಒಂದು ಕಣ್ಣು ಚಿಕ್ಕಂದಿನ ಸಿಡುಬಿಗೇ ಹೋಗಿತ್ತು. ಇನ್ನೊಂದಕ್ಕೆ ಹಿಂದಿನ ವರ್ಷ ರಾಗಿ ಬಡಿಯುವಾಗ ಹೊಟ್ಟು ಬಿದ್ದು, ಹುಣ್ಣಾಗಿ, ಬಿಳುಪು ಕಟ್ಟಿತ್ತು. ಸತ್ತವರ ಕಣ್ಣಿನ ಮೇಲ್ಪದರ ತೆಗೆದು ಹಾಕಿದರೆ ಕಾಣಬಹುದು, ಆದರೆ ಈ ವರ್ಷ ದಾಟಿದರೆ ಹಾಕಿದರೂ ಹಿಡಿಯುವುದಿಲ್ಲ ಎಂದರು ಡಾಕ್ಟರು. ಇಲ್ಲಿ ಕಣ್ಣು ಕೊಡುವವರು ಯಾರು? ಕ್ಲಬ್ಬು ಸಿಲೋನಿಗೆ ಕಾಗದ ಬರೆಯಿತು. ಕೊಲಂಬೊದ ಕ್ಲಬ್ಬಿನವರು ಸಿಕ್ಕಾಗ ಕಳಿಸುತ್ತೇವೆಂದು ಒಪ್ಪಿದರು. ಕಣ್ಣಿಗೆ ಕಾಯುವವರ ಪಟ್ಟಿಯಲ್ಲಿ ಅನುಗೊಂಡನಹಳ್ಳಿಯ ಪಾಪಮ್ಮ ಮೊದಲನೆಯವಳು, ಮುನಿರತ್ನ ಎರಡನೆಯವಳು. ಪಟ್ಟಿ ಬರೆದವನು ಆದಿನಾರಾಯಣನೇ.

ಆಮೇಲೆ ಪ್ರತಿ ಭಾನುವಾರ ಕಣ್ಣಿನ ಔಷಧಿ ಹಿಡಿದು ಅವನು ಸೂಲಿಬೆಲೆಗೆ ಬರತೊಡಗಿದ.

"ಒಂದು ಸೀಸೆ ತಿಂಗ್ಳು ಬರುತ್ತೆ ಅಂದಿದ್ರು. ನೀವು ವಾರ ವಾರ ಬರ್ತೀರಲ್ಲ ಮೇಷ್ಟ್ರೆ?"

"ಬಸ್ಸು ಈ ಕಡೆಗೇ ಬರುತ್ತಲ್ಲ."

"ಹೂಂ, ತಪ್ಪೆಲ್ಲ ಬಸ್ಸಿಂದೇ."

ಮಾತಾಡುವಾಗ ಅವಳ ನೋಟ ಅವನಿಂದ ಒಂದು ಗೇಣು ಆಚೆ ನಿಲ್ಲುತ್ತಿತ್ತು. ಅವನು ಸದ್ದು ಮಾಡದೆ ಸರಿದು ಆ ನೋಟದೊಳಕ್ಕೆ ಬಂದು ಕೂರುತ್ತಿದ್ದ.

ಮಳೆಗಾಲ ಹೋಯಿತು, ದೀಪಾವಳಿಯೂ ಹೋಯಿತು. ಕಣ್ಣು ಬರಲಿಲ್ಲ. ಡಿಸೆಂಬರ್ ಇಪ್ಪತ್ತರ ಬೆಳಿಗ್ಗೆ ತಂತಿ ಬಂತು: ಒಂದು ಕಣ್ಣು ಮಧ್ಯಾಹ್ನದ ವಿಮಾನದಲ್ಲಿ ಬರುತ್ತಿದೆ. ನಾಲ್ಕು ಗಂಟೆಯೊಳಗೆ ರೋಗಿ ಬೆಂಗಳೂರಿನ ಆಸ್ಪತ್ರೆಯಲ್ಲಿರಬೇಕು.

ಒಂದೇ ಕಣ್ಣು.

ರೋಗಿಯನ್ನು ಕರೆತರಲು ಕ್ಲಬ್ಬಿನ ಜೀಪಿನಲ್ಲಿ ಕೂತ ಆದಿನಾರಾಯಣ ಡ್ರೈವರ್ ಮುನಿಸ್ವಾಮಿಗೆ, "ಸೂಲಿಬೆಲೆಗೆ ನಡಿ" ಎಂದ. ಹೇಳಿದ್ದು ತಾನೇನಾ ಎಂದು ಅವನಿಗೇ ಗಾಬರಿಯಾಯಿತು. ಪಾಪಮ್ಮ ಊರಲ್ಲಿರಲಿಲ್ಲ ಎಂದರೆ ಸಾಕು, ಯಾರೂ ಕೇಳುವುದಿಲ್ಲ. ಪಾಪಮ್ಮನಿಗೆ ಗಡುವಿಲ್ಲ. ಇವಳಿಗೆ ಉಳಿದಿರುವುದು ಹನ್ನೊಂದೇ ದಿನ.

ಮುನಿರತ್ನ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. "ಕಣ್ಣು ಬಂತು, ಹೊರಡು" ಎಂದ. ಅವಳ ಮಡಿಲಿನ ಕಾಯೆಲ್ಲ ನೆಲಕ್ಕೆ ಚೆಲ್ಲಿತು. ಜೀಪು ಹತ್ತುವಾಗ ಮಾತ್ರ ಅವಳ ಕೈ ಕಂಬಿಯ ಮೇಲೆ ನಿಂತಿತು.

"ಪಾಪಮ್ಮಂಗೆ ಆಯ್ತಾ?"

"ಅವರು... ಊರಲ್ಲಿಲ್ವಂತೆ."

"ಯಾರು ಹೇಳಿದ್ರು?"

ಅವನು ಮುನಿಸ್ವಾಮಿಗೆ ಹೊರಡಲು ಸನ್ನೆ ಮಾಡಿದ. ಅವಳು ಕಂಬಿ ಬಿಟ್ಟು ಮೇಲೆ ಹತ್ತಲಿಲ್ಲ.

"ಸುಳ್ಳು ಹೇಳಕ್ಕೆ ಬರಲ್ಲ ನಿಮ್ಗೆ. ಅನುಗೊಂಡನಹಳ್ಳಿಗೆ ಬಿಡಿಸಿ. ನಾನೂ ಬರ್ತೀನಿ, ಇಲ್ದಿದ್ರೆ ನೀವು ದಾರೀಲೇ ವಾಪಸ್ ತಿರುಗ್ತೀರ."

ಜೀಪು ಅನುಗೊಂಡನಹಳ್ಳಿ ತಲುಪಿತು. ಪಾಪಮ್ಮ ಕೊಟ್ಟಿಗೆಯಲ್ಲಿದ್ದಳು. ವಿಷಯ ಕೇಳಿದ್ದೇ ಹಿಂದಕ್ಕೆ ಸರಿದಳು.

"ಸತ್ತೋರ ಕಣ್ಣಾ? ಬ್ಯಾಡಪ್ಪಾ ಬ್ಯಾಡ. ಹಿಂಗೇ ಇದ್ಬಿಡ್ತೀನಿ."

ಬೇಡವೆಂದು ಅವಳೇ ಅಂದಳಲ್ಲ, ಅಂದುಕೊಂಡ ಆದಿನಾರಾಯಣ. ಇನ್ನು ಇದು ಕಳ್ಳತನವಲ್ಲ. ಅವಳನ್ನು ಒಪ್ಪಿಸಲು ಹೋಗದೆ ನಿಂತ. ಮುನಿರತ್ನ ಗೋಡೆ ಹಿಡಿದು ಹೋಗಿ ಪಾಪಮ್ಮನ ಪಕ್ಕ ಕೂತಳು.

"ಅಕ್ಕಾ, ನಿಂಗೆ ಮಕ್ಳೆಷ್ಟು?"

"ಮೂರು ಕಣವ್ವ."

"ಕೊನೇದು ಯಾರ ಹಂಗೈತೆ?"

ಪಾಪಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. "ನೋಡೇ ಇಲ್ವಲ್ಲವ್ವ."

"ಹಂಗಾದ್ರೆ ಏಳು. ಸತ್ತೋರು ಪುಣ್ಯಾತ್ಮರು, ಕೊಟ್ಟು ಹೋಗವ್ರೆ. ನಾನು ಜೊತೇಲಿರ್ತೀನಿ."

ಮೂರೂವರೆಗೆ ಆಸ್ಪತ್ರೆ ತಲುಪಿದರು. ಪಾಪಮ್ಮನನ್ನು ಒಳಗೆ ಕರೆದೊಯ್ದು ಬಾಗಿಲು ಮುಚ್ಚಿದ ಮೇಲೆ, ಅಷ್ಟು ಹೊತ್ತು ನೆಟ್ಟಗೆ ಕೂತಿದ್ದ ಮುನಿರತ್ನ ಬೆಂಚಿನ ಮೇಲೆ ಕುಸಿದಳು.

"ನಂಗೂ ಬೇಕಿತ್ತು ಮೇಷ್ಟ್ರೆ. ಎಷ್ಟು ಬೇಕಿತ್ತು ಅಂದ್ರೆ... ಅವ್ಳು ಬ್ಯಾಡ ಅಂದಾಗ ಬಾಯಿ ಮುಚ್ಕೊಂಡು ಎದ್ದು ಬಂದ್ಬಿಡಾಣ ಅನ್ನಿಸ್ತು."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಮೊದಲ ಸಲ ಅವಳ ಕೈ ಹಿಡಿದ.

"ಕಣ್ಣು ಬರಲಿ, ಬರದೇ ಇರಲಿ, ನನ್ನ ಮದುವೆ ಆಗ್ತೀಯಾ?"

ಅವಳು ಕೈ ಕಿತ್ತುಕೊಂಡಳು. "ಕರುಣೆ ನಿಮ್ಮ ಕ್ಲಬ್ಬಿಗಿರ್ಲಿ. ಮನೇಗೆ ತರ್ಬೇಡಿ."

"ಕರುಣೆ ಆಗಿದ್ರೆ ಪಟ್ಟಿ ಪ್ರಕಾರ ಹೋಗ್ತಿದ್ದೆ ರತ್ನ. ಬೆಳಿಗ್ಗೆ ಕದಿಯೋಕೆ ಹೊರಟಿದ್ನಲ್ಲ, ಅದು ಕರುಣೆನಾ?"

ಕೊನೆಗೆ ಬೆಂಚಿನ ಮೇಲೆ ತಡಕಾಡುತ್ತ ಅವಳ ಕೈಯೇ ಅವನ ಕೈ ಹುಡುಕಿಕೊಂಡು ಬಂತು.

ಆ ಹನ್ನೊಂದು ದಿನ ಅವನು ದಿನಕ್ಕೆರಡು ಸಲ ಅಂಚೆ ಕಚೇರಿಗೆ ಹೋದ. ಕೊಲಂಬೊಗೆ ತಂತಿ ಕೊಟ್ಟ, ಅಂಗಲಾಚಿ ಕಾಗದ ಬರೆದ. ಮೂವತ್ತೊಂದರ ಸಂಜೆ ಅಂಚೆಯವರು ಬಾಗಿಲು ಹಾಕುವವರೆಗೂ ಮೆಟ್ಟಿಲ ಮೇಲೆ ಕೂತಿದ್ದ. ಯಾವ ತಂತಿಯೂ ಬರಲಿಲ್ಲ.

ಮಾಘದಲ್ಲಿ ಸೂಲಿಬೆಲೆಯಲ್ಲೇ ಮದುವೆಯಾಯಿತು. ಪಾಪಮ್ಮ ಮೂರು ಮಕ್ಕಳನ್ನೂ ಕಟ್ಟಿಕೊಂಡು ಬಂದಿದ್ದಳು. ಹಸೆಮಣೆಯ ಮೇಲಿದ್ದ ಮುನಿರತ್ನ ಅವಳ ಸೆರಗು ಹಿಡಿದು ಬಗ್ಗಿಸಿಕೊಂಡು ಪಿಸುಗುಟ್ಟಿದಳು:

"ಅಕ್ಕಾ, ನಿಜ ಹೇಳು. ಹೆಂಗವ್ರೆ?"

ಪಾಪಮ್ಮ ಮದುಮಗನನ್ನು ಮೇಲಿಂದ ಕೆಳಗೆ ನಿಧಾನವಾಗಿ ನೋಡಿದಳು.

"ಪರವಾಗಿಲ್ಲ ಕಣವ್ವ. ಕಿವಿ ಮಾತ್ರ ಶ್ಯಾನೆ ದೊಡ್ಡವು."

"ಇರ್ಲಿ ಬಿಡು," ಎಂದಳು ಮುನಿರತ್ನ. "ನಾನು ಮಾತಾಡೋದೂ ಶ್ಯಾನೇನೆ."