ಬೆಣ್ಣೆಯಲ್ಲಿ ಸಿಕ್ಕ ಬೆಳ್ಳಿ ನಾಣ್ಯ

ಬಹಳ ಹಿಂದಿನ ಮಾತು. ಏಳು ಬೆಟ್ಟಗಳ ನಡುವೆ ಕುಂದಣಗಿರಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಬೆಳೆ ಇತ್ತು, ನೀರಿತ್ತು, ಕಲ್ಲಿನ ಕೋಟೆ ಇತ್ತು. ನಿದ್ದೆ ಮಾತ್ರ ಇರಲಿಲ್ಲ.

ಮೊದಲು ಅದೂ ಇತ್ತು. ಆದರೆ ದೊರೆ ಸಿಂಗರಾಯನಿಗೆ ಶತ್ರುಗಳ ಭಯ. ಕಾವಲಿನವರು ತೂಕಡಿಸಿದಾಗ ಯಾರಾದರೂ ಕೋಟೆ ಹತ್ತಿಬಿಟ್ಟರೆ ಏನು ಗತಿ ಎಂದು ಅವನು ಸದಾ ಕಳವಳಪಡುತ್ತಿದ್ದ. ಅದೇ ಹೊತ್ತಿಗೆ ಮಾರಕೇತ ಎಂಬ ಮಂತ್ರವಾದಿ ಆಸ್ಥಾನಕ್ಕೆ ಬಂದ.

“ನನ್ನ ಸೈನಿಕರಿಗೆ ನಿದ್ದೆ ಬರಬಾರದು. ಹಾಗೆ ಮಾಡಬಲ್ಲೆಯಾ?” ಎಂದು ದೊರೆ ಕೇಳಿದ.

“ಮಾಡಬಲ್ಲೆ ಪ್ರಭು. ಆದರೆ ಒಬ್ಬರದನ್ನು ಬಿಟ್ಟು ಒಬ್ಬರದನ್ನು ತೆಗೆಯಲು ಬರುವುದಿಲ್ಲ. ತೆಗೆದರೆ ರಾಜ್ಯದಲ್ಲಿ ಉಸಿರಾಡುವ ಎಲ್ಲರದನ್ನೂ ತೆಗೆಯಬೇಕು.”

“ತೆಗೆ,” ಎಂದುಬಿಟ್ಟ ದೊರೆ.

ಮಾರಕೇತ ಬೆಟ್ಟದ ಮೇಲೆ ಪಾಳುಬಿದ್ದಿದ್ದ ಟಂಕಸಾಲೆಗೆ ಹೋದ. ಹಿಂದಿನ ಅರಸರು ನಾಣ್ಯ ಹೊಡೆಸುತ್ತಿದ್ದ ಜಾಗ ಅದು. ಅಲ್ಲಿ ಕುಲುಮೆ ಹೊತ್ತಿಸಿ ಮಂತ್ರ ಹಾಕಿದ. ಅಂದಿನಿಂದ ಕುಂದಣಗಿರಿಯಲ್ಲಿ ಯಾರ ಕಣ್ಣೂ ಮುಚ್ಚಲಿಲ್ಲ.

ಮೊದಮೊದಲು ಜನ ಹಿಗ್ಗಿದರು. ಎಷ್ಟು ಹೊತ್ತಾದರೂ ದುಡಿಯಬಹುದು! ಆಮೇಲೆ ಕೈಕಾಲು ಮಾತು ಕೇಳದಾದವು. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಹೊಲಕ್ಕೆ ಹೊರಟವನು ಸಂತೆಯಲ್ಲಿ ನಿಂತು ತಾನೇಕೆ ಬಂದೆನೆಂದು ಯೋಚಿಸಿದ. ಅಣ್ಣತಮ್ಮಂದಿರು ಸೌಟಿಗಾಗಿ ಜಗಳವಾಡಿದರು. ಕೋಳಿಗಳು ಮನಸ್ಸು ಬಂದಾಗ ಕೂಗಿದವು. ಕುಳಿತವರು ಏಳುತ್ತಿದ್ದರು, ಎದ್ದವರು ಕೂರುತ್ತಿದ್ದರು; ಒಂದು ಜಾಗದಲ್ಲಿ ನಿಲ್ಲುವ ಜೀವ ಆ ರಾಜ್ಯದಲ್ಲಿ ಇರಲಿಲ್ಲ.

ಕೋಟೆಯ ಕೆಳಗಿನ ಕೇರಿಯಲ್ಲಿ ದ್ಯಾಮಿ ಎಂಬವಳಿದ್ದಳು. ಮಜ್ಜಿಗೆ ಮಾರಿ ಬದುಕುವವಳು. ಅವಳ ಗಂಡ ಲಕ್ಕ ಕೋಟೆಯ ಕಾವಲುಗಾರ. ಅವರಿಗೆ ಚಿಗುರಿ ಎಂಬ ಮಗಳು. ರಾಜ್ಯದ ನಿದ್ದೆ ಹೋದ ಮೇಲೆ ಹುಟ್ಟಿದ ಕೂಸು. ಹುಟ್ಟಿದಾಗಿನಿಂದ ಒಂದು ಗಳಿಗೆಯೂ ಕಣ್ಣು ಮುಚ್ಚಿರಲಿಲ್ಲ. ಅವಳ ಕಣ್ಣ ಸುತ್ತ ಕಾಡಿಗೆ ಹಚ್ಚಿದಂತೆ ಕಪ್ಪು ಕಟ್ಟಿತ್ತು. ತೋಳುಗಳು ಕಡ್ಡಿಯಂತಾಗಿದ್ದವು. ಆದರೂ ಅಂಗಳದಲ್ಲಿ ಸುಮ್ಮನೆ ಸುತ್ತುತ್ತಲೇ ಇರುತ್ತಿದ್ದಳು. ಪಂಡಿತರು ನಾಡಿ ಹಿಡಿದು ನೋಡಿ, ಹೊರಗೆ ಬಂದು ಲಕ್ಕನ ಕಿವಿಯಲ್ಲಿ ಹೇಳಿದ್ದರು: “ಈ ಮಗು ಬರುವ ಸುಗ್ಗಿ ಕಾಣುವುದು ಕಷ್ಟವಪ್ಪಾ.” ಗೋಡೆಯ ಆಚೆ ನಿಂತಿದ್ದ ದ್ಯಾಮಿಗೂ ಅದು ಕೇಳಿಸಿತ್ತು.

ಆ ದಿನಗಳಲ್ಲಿ ಊರಲ್ಲಿ ಒಂದು ವಿಚಿತ್ರ ಶುರುವಾಯಿತು. ನವಿಲಿನ ಮುದ್ರೆಯ ಹಳೆಯ ಬೆಳ್ಳಿ ನಾಣ್ಯಗಳು ಇರಬಾರದ ಜಾಗದಲ್ಲೆಲ್ಲ ಸಿಗತೊಡಗಿದವು. ಒಬ್ಬಳಿಗೆ ಉಪ್ಪಿನ ಮಡಕೆಯಲ್ಲಿ, ಒಬ್ಬನಿಗೆ ನೇಗಿಲಿನ ತುದಿಯಲ್ಲಿ, ಇನ್ನೊಬ್ಬನಿಗೆ ಹಲಸಿನ ತೊಳೆಯೊಳಗೆ ಬೀಜ ಇರಬೇಕಾದಲ್ಲಿ. ಕೂಡಲೇ ಅರಮನೆಯಿಂದ ಡಂಗುರ ಬಂತು: “ಕೇಳ್ರಪ್ಪೋ ಕೇಳ್ರಿ! ಹಳೇ ನಾಣ್ಯ ಸಿಕ್ಕವರು ಅರಮನೆಗೆ ಒಪ್ಪಿಸಬೇಕು. ಒಪ್ಪಿಸಿದವರಿಗೆ ಒಂದು ಅಚ್ಚು ಬೆಲ್ಲ, ಬಚ್ಚಿಟ್ಟವರಿಗೆ ಸೆರೆಮನೆ!” ಜನ ಒಪ್ಪಿಸಿದರು, ಬೆಲ್ಲ ತಂದರು.

ಒಂದು ಬೆಳಗ್ಗೆ ದ್ಯಾಮಿ ಮೊಸರು ಕಡೆಯುತ್ತಿದ್ದಳು. ಬೆಣ್ಣೆ ತೆಗೆದು ಮುದ್ದೆ ಕಟ್ಟುವಾಗ ಬೆರಳಿಗೆ ಏನೋ ಗಟ್ಟಿಯಾಗಿ ತಾಗಿತು. ನೋಡಿದರೆ ನಾಣ್ಯ! ಲಕ್ಕ ಅದನ್ನು ಅರಮನೆಗೆ ಒಯ್ದು ಕೊಟ್ಟ, ಬೆಲ್ಲ ತಂದ.

ಕೆಲವು ದಿನ ಕಳೆದ ಮೇಲೆ ದ್ಯಾಮಿ ಬದನೆಕಾಯಿ ಹೆಚ್ಚುತ್ತಿದ್ದಳು. ಈಳಿಗೆ ಟಣ್ ಎಂದಿತು. ಕಾಯಿಯ ಹೊಟ್ಟೆಯಲ್ಲಿ ಅದೇ ನಾಣ್ಯ! ನವಿಲಿನ ಕೊರಳಿನ ಮೇಲಿದ್ದ ಗೀರು ಕೂಡ ಅದೇ.

“ಇದು ಮೊನ್ನೆಯದೇ ರೀ. ಕೊಟ್ಟದ್ದು ಮತ್ತೆ ಹೇಗೆ ಬಂತು?”

“ತಲೆ ಕೆಟ್ಟಿದೆ ನಿನಗೆ. ನನಗೂ ಕೆಟ್ಟಿದೆ. ಕೊಡು ಇಲ್ಲಿ,” ಎಂದು ಲಕ್ಕ ಒಯ್ದು ಕೊಟ್ಟ, ಬೆಲ್ಲ ತಂದ.

ಮೂರನೆಯ ಸಲ ದ್ಯಾಮಿ ಮಗಳಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದಳು. ಬಾಚಣಿಗೆಯಿಂದ ಜಾರಿ ಮಡಿಲಿಗೆ ಬಿತ್ತು ನಾಣ್ಯ. ಅದೇ ನವಿಲು, ಅದೇ ಗೀರು. ಲಕ್ಕ ಕೋಟೆಯ ಮೇಲಿದ್ದ. ದ್ಯಾಮಿ ಏನೋ ಅನ್ನಿಸಿ ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು. ಈಗಷ್ಟೇ ಕರೆದ ಹಾಲಿನಂತೆ ಅದು ಬೆಚ್ಚಗಿತ್ತು. ಅವಳ ಭುಜ ಸಡಿಲವಾಯಿತು. ರೆಪ್ಪೆಗಳು ಭಾರವಾದವು. ಕೂತಲ್ಲೇ ಗೋಡೆಗೆ ಒರಗಿದಳು.

ಎಚ್ಚರವಾದಾಗ ಚಿಗುರಿ ಅವಳ ಕೆನ್ನೆ ತಟ್ಟುತ್ತಿದ್ದಳು. “ಅವ್ವಾ, ಎಲ್ಲಿಗೆ ಹೋಗಿದ್ದೆ?”

ದ್ಯಾಮಿ ಮುಷ್ಟಿ ಬಿಡಿಸಿದಳು. ನಾಣ್ಯ ಇರಲಿಲ್ಲ. ಆದರೆ ಎಷ್ಟೋ ವರ್ಷಗಳ ಮೇಲೆ ಅವಳ ಕೈ ನಡುಗುತ್ತಿರಲಿಲ್ಲ, ತಲೆ ತಿಳಿಯಾಗಿತ್ತು. ಅಂಗಳದ ಬೇವಿನ ಮರದಲ್ಲಿ ಹೂ ಬಿಟ್ಟದ್ದು ಅವಳಿಗೆ ಕಂಡದ್ದೇ ಆಗ.

ಲಕ್ಕ ಮನೆಗೆ ಬಂದ ಕೂಡಲೇ ಹೇಳಿದಳು. “ಅವು ನಾಣ್ಯಗಳಲ್ಲ. ನಮ್ಮ ನಿದ್ದೆ. ಟಂಕಸಾಲೆಯಿಂದ ತಪ್ಪಿಸಿಕೊಂಡು ತಮ್ಮ ತಮ್ಮವರನ್ನು ಹುಡುಕಿಕೊಂಡು ಬರ್ತಾ ಇವೆ. ನಾವೇ ಹಿಡಿದು ವಾಪಸು ಕೊಡ್ತಾ ಇದ್ದೀವಿ!”

ಲಕ್ಕ ಹೊಸ್ತಿಲ ಮೇಲೆ ಕುಸಿದ. “ನನಗೂ ಸಿಕ್ಕಿತ್ತು ಕಣೇ. ಚಪ್ಪಲಿಯೊಳಗೆ. ನಾನೇ ಕೈಯಾರೆ ಕೊಟ್ಟೆ. ಬೆಲ್ಲ ತಿಂದೆ.” ಆಮೇಲೆ ತಲೆಯೆತ್ತಿ, “ಹಾಗಾದರೆ ಚಿಗುರಿಯದು?” ಎಂದ.

“ಅದೂ ಅಲ್ಲೇ ಇರಬೇಕು. ತರ್ತೀನಿ.”

“ನಾನೂ ಬರ್ತೀನಿ,” ಎಂದು ಎದ್ದ ಲಕ್ಕ ಬಾಗಿಲ ಬದಲು ಗೋಡೆಗೆ ಹೋಗಿ ಡಿಕ್ಕಿ ಹೊಡೆದ. “ನೀವು ಮಗುವನ್ನು ನೋಡಿಕೊಳ್ಳಿ,” ಎಂದಳು ದ್ಯಾಮಿ. ಲಕ್ಕ ರೊಟ್ಟಿ ತಟ್ಟಿ, ಬುತ್ತಿ ಕಟ್ಟಿಕೊಟ್ಟ.

ಬೆಟ್ಟದ ಬುಡದಲ್ಲಿ ಒಂದು ಹುಲಿ ಕಾವಲಿತ್ತು. ಮಂತ್ರದ ಹುಲಿ, ಎತ್ತಿನಷ್ಟು ಎತ್ತರ. ಅದು ಸುತ್ತಿ ಸುತ್ತಿ ನೆಲದಲ್ಲಿ ಮೊಣಕಾಲುದ್ದದ ಹಳ್ಳ ಬಿದ್ದಿತ್ತು.

“ಯಾರೇ ನೀನು? ನಿಲ್ಲು. ಇಲ್ಲ, ನಿಲ್ಲಬೇಡ. ನಿಂತವರನ್ನು ಕಂಡರೆ ನನಗೆ ಆಗುವುದಿಲ್ಲ. ತಿಂದುಬಿಡ್ತೀನಿ,” ಎಂದಿತು ಹುಲಿ.

ದ್ಯಾಮಿ ಎರಡು ಹೆಜ್ಜೆ ಹಿಂದೆ ಸರಿದಳು. ಆದರೆ ಹುಲಿಯ ಕಿವಿಯ ತುಂಬ ಉಣ್ಣೆ ಹುಳು ಹತ್ತಿದ್ದನ್ನು ಕಂಡು, ಅವಳಿಗೆ ಹಟ್ಟಿಯ ದನಗಳ ನೆನಪಾಯಿತು. “ತಿನ್ನುವೆಯಂತೆ ಹುಲಿಯಪ್ಪಾ. ಮೊದಲು ಆ ಹುಳು ತೆಗೀತೀನಿ, ಬಾ,” ಎಂದಳು. ಹುಲಿ ಗೊಣಗುತ್ತ ತಲೆ ಬಗ್ಗಿಸಿತು. ಒಂದೊಂದೇ ಹುಳು ಕಿತ್ತು ಕಲ್ಲಿನ ಮೇಲೆ ಹೊಸಕುತ್ತಿದ್ದಾಗ ಕಿವಿಯ ಮಡಿಕೆಯಿಂದ ಒಂದು ಬೆಳ್ಳಿ ನಾಣ್ಯ ಕೆಳಗೆ ಉರುಳಿತು.

“ಇದೇನು?”

“ನಿನ್ನ ನಿದ್ದೆ. ಹತ್ತಿರವೇ ಬಂದು ಕೂತಿದೆ ಪಾಪ.”

ಹುಲಿ ಅದರ ಮೇಲೆ ಪಂಜ ಇಟ್ಟಿತು. ಒಮ್ಮೆ ಬಾಯಿ ಅಗಲಿಸಿ ಆಕಳಿಸಿತು. ತಾನು ತೋಡಿದ ಹಳ್ಳದಲ್ಲೇ ಮುದುರಿ ಮಲಗಿತು.

ಬೆಟ್ಟದ ನಡುವೆ, ಟಂಕಸಾಲೆಗೆ ಹೋಗುವ ದಾರಿಯ ಕಲ್ಲಿನ ಬಾಗಿಲಿಗೆ ಅಡ್ಡವಾಗಿ, ಕರಿಯ ಆನೆಯೊಂದು ತೂಗುತ್ತ ನಿಂತಿತ್ತು. ದ್ಯಾಮಿಗೆ ಈಗ ಧೈರ್ಯ ಬಂದಿತ್ತು. ಕೇಳದೆ ಹೇಳದೆ ಆನೆಯ ಕಿವಿಯ ಹಿಂದೆ, ಕಾಲಿನ ಸಂದಿಯಲ್ಲಿ, ಬಾಲದ ಬುಡದಲ್ಲಿ ನಾಣ್ಯ ಹುಡುಕತೊಡಗಿದಳು. ಎಷ್ಟು ಹುಡುಕಿದರೂ ಸಿಗಲಿಲ್ಲ. ಆನೆಗೆ ರೇಗಿತು. ಸೊಂಡಿಲಿನಿಂದ ಎತ್ತಿ ಅವಳನ್ನು ಕಲ್ಲುಗಳ ಮೇಲೆ ಎಸೆಯಿತು. ಅವಳ ಎಡಗೈ ಮೇಲೇಳದಾಯಿತು.

ನೋವಿನಿಂದ ಅಳುತ್ತ ಕುಳಿತ ದ್ಯಾಮಿ ಬಂಡೆಯಲ್ಲಿ ಕೊರೆದಿದ್ದ ಆನೆಯ ನೀರಿನ ಬಾನಿ ನೋಡಿದಳು. ಒಳಗೆ ನೀರಿಗಿಂತ ಕೆಸರೇ ಹೆಚ್ಚು. “ಅಯ್ಯೋ, ಇದನ್ನೇ ಕುಡೀತೀಯೇನಪ್ಪಾ? ಅದಕ್ಕೇ ನಿನಗಿಷ್ಟು ಸಿಟ್ಟು,” ಎಂದು ಒಂದೇ ಕೈಯಲ್ಲಿ ಕೆಸರು ಬಾಚಿ ಬಾಚಿ ಹೊರಗೆ ಹಾಕಿದಳು. ತಳದ ಊಟೆಯಿಂದ ನೀರು ತಿಳಿಯಾಗಿ ಏರಿತು. ಆನೆ ಸೊಂಡಿಲು ಇಳಿಬಿಟ್ಟು ಕುಡಿಯಿತು. ಅವಳು ಕೈ ತೊಳೆಯಲು ಹೋದರೆ ಬೆರಳ ಸಂದಿಯ ಕೆಸರಿನಲ್ಲಿ ನಾಣ್ಯ ಹೊಳೆಯಿತು! ಕೊಟ್ಟಳು. ಆನೆ ಬಾಗಿಲಿನಿಂದ ಪಕ್ಕಕ್ಕೆ ಸರಿದು, ಮೊಣಕಾಲೂರಿ, ಗುಡ್ಡದಂತೆ ಮಲಗಿತು.

ಬೆಟ್ಟದ ತುದಿಯಲ್ಲಿ ಟಂಕಸಾಲೆ. ಒಳಗೆ ಸೂರಿನವರೆಗೂ ನಾಣ್ಯದ ರಾಶಿ. ಒಂದು ನಾಣ್ಯವೂ ಸುಮ್ಮನಿರಲಿಲ್ಲ; ಬಲೆಯೊಳಗಿನ ಮೀನುಗಳಂತೆ ಎಲ್ಲವೂ ಚಡಪಡಿಸುತ್ತಿದ್ದವು. ಕುಲುಮೆಯ ಮುಂದೆ ಮಾರಕೇತ ತಿದಿ ಒತ್ತುತ್ತಿದ್ದ. ಒಣಗಿದ ಕೊಂಬೆಯಂಥ ಮನುಷ್ಯ. ತುಟಿ ಒಡೆದಿತ್ತು, ಕಣ್ಣು ಕೆಂಡವಾಗಿತ್ತು.

“ಬಂದೆಯಾ ಮಜ್ಜಿಗೆಯವಳೇ? ಇವು ಸಂದುಗೊಂದಿಯಲ್ಲಿ ಜಾರಿಕೊಂಡು ಓಡಿಹೋಗ್ತಾ ಇವೆ. ಅದಕ್ಕೇ ಇವತ್ತು ಎಲ್ಲವನ್ನೂ ಕರಗಿಸಿ ಒಂದೇ ಗುಂಡು ಮಾಡ್ತೀನಿ. ಆಮೇಲೆ ಹೇಗೆ ಓಡ್ತಾವೋ ನೋಡೋಣ.”

“ನನ್ನ ಮಗಳದೊಂದು ಕೊಟ್ಟುಬಿಡಿ ಸ್ವಾಮಿ.”

ಮಾರಕೇತ ನಕ್ಕ. “ನಿನ್ನ ಮಗಳದಾ? ನಾನು ನಿದ್ದೆ ತೆಗೆದಾಗ ಅವಳು ಹುಟ್ಟೇ ಇರಲಿಲ್ಲವಲ್ಲ! ಅವಳಿಗೆ ಅಂತ ನಿದ್ದೆಯೇ ಇಲ್ಲ ಈ ಲೋಕದಲ್ಲಿ.”

ದ್ಯಾಮಿ ಅಲ್ಲೇ ನೆಲದ ಮೇಲೆ ಕುಳಿತಳು. ಮಾರಕೇತ ಮತ್ತೆ ತಿದಿ ಒತ್ತತೊಡಗಿದ. ಆಮೇಲೆ, ಬೇರೇನೂ ತೋಚದೆ, ಗಂಡ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದಳು. ರೊಟ್ಟಿಯ ವಾಸನೆಗೆ ತಿದಿ ನಿಂತಿತು. ಮಾರಕೇತ ಕತ್ತು ಚಾಚಿ ನೋಡುತ್ತಿದ್ದ.

ಹಸಿದವರ ಎದುರು ಒಬ್ಬಳೇ ತಿನ್ನುವುದು ಅವಳಿಗೆ ಗೊತ್ತಿರಲಿಲ್ಲ. ಅವನ ಮೇಲೆ ಎಷ್ಟೇ ಸಿಟ್ಟಿದ್ದರೂ ಅರ್ಧ ರೊಟ್ಟಿ ಮುರಿದು ಚಾಚಿದಳು. “ತಗೊಳ್ಳಿ.”

ಅವನು ಕಿತ್ತುಕೊಂಡು ಬಾಯಿಗೆ ತುರುಕಿದ. ಒಂದು ತುತ್ತು, ಎರಡು ತುತ್ತು. ಮೂರನೆಯ ತುತ್ತಿಗೆ ಹಲ್ಲಿನಡಿ ಕಟಕ್ ಎಂದಿತು.

ಮಾರಕೇತನ ಮುಖ ಬಿಳಿಚಿಕೊಂಡಿತು. ಆ ರಾಶಿಯಲ್ಲಿ ಅವನದೂ ಒಂದಿತ್ತು, ಎಲ್ಲಕ್ಕಿಂತ ಹಳೆಯದು, ಕರ್ರಗಾದದ್ದು. ಎಲ್ಲರಿಗಿಂತ ಮೊದಲು ಅವನು ಕಿತ್ತು ಎಸೆದದ್ದು ತನ್ನ ನಿದ್ದೆಯನ್ನೇ. ಉಗುಳಲು ನೋಡಿದ. ಅದು ಆಗಲೇ ನಾಲಗೆಯ ಮೇಲೆ ಕರಗುತ್ತಿತ್ತು.

“ಎಬ್ಬಿಸು! ನನ್ನನ್ನು ಎಬ್ಬಿಸುತ್ತಾ ಇರು!” ಎಂದು ಅವನು ಅವಳ ಸೆರಗು ಹಿಡಿದ. “ನಾನು ಮಲಗಿದರೆ ಮಂತ್ರವೆಲ್ಲ ಬಿಚ್ಚಿಹೋಗುತ್ತೆ. ನಾನು ಕೊಂದವರೆಲ್ಲ ಕನಸಿನಲ್ಲಿ ಬಂದು ನಿಲ್ತಾರೆ. ಎಬ್ಬಿಸು, ಈ ರಾಶಿಯಲ್ಲಿ ಒಂದು ನಾಣ್ಯ ಆರಿಸಿಕೋ. ಯಾರದಾದರೂ ಸರಿ, ನಿನ್ನ ಮಗಳಿಗೆ ಹೊಂದಿಸಿ ಕೊಡ್ತೀನಿ. ನನ್ನ ಬಿಟ್ಟರೆ ಯಾರಿಗೂ ಆ ವಿದ್ಯೆ ಬರೋದಿಲ್ಲ!”

ದ್ಯಾಮಿಯ ಕೈ ರಾಶಿಯ ಕಡೆಗೆ ಹೋಯಿತು. ಒಂದು ನಾಣ್ಯ ಕೈಗೆ ಬಂತು. ಬೆಚ್ಚಗಿತ್ತು. ಚಿಗುರಿಯ ಕಣ್ಣಿನ ಸುತ್ತಲ ಕಪ್ಪು ನೆನಪಾಯಿತು. ಇದೊಂದು ಸಾಕು, ಮಗಳು ಬದುಕುತ್ತಾಳೆ. ಆದರೆ ಇದು ಯಾರದು? ಉಪ್ಪಿನ ಮಡಕೆಯವಳದೋ? ಗೋಡೆಗೆ ಹೋಗಿ ಡಿಕ್ಕಿ ಹೊಡೆದವನದೋ? ಇದನ್ನು ಇಟ್ಟುಕೊಂಡರೆ ಉಳಿದವೆಲ್ಲ ಬೆಂಕಿಗೆ.

ಅವಳು ನಾಣ್ಯವನ್ನು ಮತ್ತೆ ರಾಶಿಗೆ ಹಾಕಿದಳು. ಅವನನ್ನು ಎಬ್ಬಿಸಲಿಲ್ಲ. ಸೆರಗು ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಸಡಿಲವಾದವು. ಮಾರಕೇತ ಕುಲುಮೆಯ ಪಕ್ಕ ಹೊರಳಿ ಬಿದ್ದು ಗೊರಕೆ ಹೊಡೆಯತೊಡಗಿದ.

ಬೆಂಕಿ ಆರಿತು. ಬೆಳ್ಳಿಯ ರಾಶಿ ಒಮ್ಮೆಲೇ ಮೇಲೆದ್ದಿತು. ಪಾರಿವಾಳದ ಹಿಂಡಿನಂತೆ ಕಿಟಕಿ, ಬಾಗಿಲು, ಸೂರಿನ ಸಂದಿಗಳಿಂದ ನಾಣ್ಯಗಳೆಲ್ಲ ಹಾರಿ ಊರಿನ ಕಡೆ ಹೋದವು.

ದ್ಯಾಮಿ ಬೆಟ್ಟ ಇಳಿದಾಗ ನಡು ಮಧ್ಯಾಹ್ನ. ಕುಂದಣಗಿರಿಗೆ ಕುಂದಣಗಿರಿಯೇ ಮಲಗಿತ್ತು. ಸಂತೆಯಲ್ಲಿ ತಕ್ಕಡಿ ಹಿಡಿದವನು ತಕ್ಕಡಿಯ ಮೇಲೆ, ಕೊಳ್ಳಲು ಬಂದವಳು ಈರುಳ್ಳಿ ರಾಶಿಯ ಮೇಲೆ. ಕೋಳಿಗಳು ರೆಕ್ಕೆಯೊಳಗೆ ತಲೆ ಹುದುಗಿಸಿದ್ದವು. ಅರಮನೆಯ ಮೆಟ್ಟಿಲಲ್ಲಿ ದೊರೆ ಸಿಂಗರಾಯ ಬಾಯಿ ತೆರೆದು ಮಲಗಿದ್ದ. ಕಿರೀಟ ಉರುಳಿ ಕೆಳಗಿನ ಮೆಟ್ಟಿಲಲ್ಲಿ ಬಿದ್ದಿತ್ತು. ಗೊರಕೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವಳೊಬ್ಬಳಿಗೇ ಸಂತೋಷವಿರಲಿಲ್ಲ. ಬರಿಗೈಯಲ್ಲಿ ಮಗಳ ಮುಖ ಹೇಗೆ ನೋಡಲಿ ಎಂದುಕೊಂಡು ನಡೆದಳು.

ಮನೆಯ ಅಂಗಳದಲ್ಲಿ ಲಕ್ಕ ಕಂಬಕ್ಕೆ ಒರಗಿ ಮಲಗಿದ್ದ. ಚಿಗುರಿ ಅವನ ಮೀಸೆ ಹಿಡಿದು ಎಳೆಯುತ್ತಿದ್ದಳು. ಅವ್ವನನ್ನು ಕಂಡದ್ದೇ ಓಡಿ ಬಂದು ತಬ್ಬಿಕೊಂಡಳು.

“ಅವ್ವಾ, ಎಲ್ಲರೂ ಸತ್ತುಹೋದರು. ಅಪ್ಪನೂ ಏಳ್ತಾ ಇಲ್ಲ.”

“ಸತ್ತಿಲ್ಲ ಮಗಳೇ. ಮಲಗಿದ್ದಾರೆ.”

“ನನಗೆ ಯಾಕೆ ಬರೋದಿಲ್ಲ ಅದು?”

ದ್ಯಾಮಿ ಜಗುಲಿಯ ಮೇಲೆ ಒರಗಿ, ನೋಯದ ಕೈಯಿಂದ ಮಗಳನ್ನು ಎದೆಗೆ ಒತ್ತಿಕೊಂಡಳು. ದಾರಿಯ ದಣಿವಿಗೆ ಅವಳ ಕಣ್ಣು ತಾನಾಗಿ ಮುಚ್ಚತೊಡಗಿತು. ಮಗಳೊಬ್ಬಳನ್ನೇ ಎಚ್ಚರದಲ್ಲಿ ಬಿಟ್ಟು ಹೋಗಲಾರೆ ಎಂದು ರೆಪ್ಪೆ ಎಳೆದು ಎಳೆದು ತೆರೆದಳು. ಕೊನೆಗೆ ಸೋತು, “ಬಾ ಹಾಗಾದರೆ. ನನ್ನದರೊಳಗೇ ಬಾ. ಇಬ್ಬರಿಗೂ ಜಾಗ ಆಗುತ್ತೆ,” ಎಂದಳು.

ಚಿಗುರಿ ಅವ್ವನ ಕುತ್ತಿಗೆಯಡಿ ಮುಖ ಹುದುಗಿಸಿದಳು. ಅವ್ವನ ಉಸಿರು ಏರಿದಾಗ ಅವಳದೂ ಏರಿತು, ಇಳಿದಾಗ ಇಳಿಯಿತು. ಕಾಲು ಒಮ್ಮೆ ಅದುರಿತು. ಆಮೇಲೆ ಆ ಪುಟ್ಟ ಮುಷ್ಟಿ ಹೂವಿನಂತೆ ಬಿಚ್ಚಿಕೊಂಡಿತು. ಹುಟ್ಟಿದಾಗಿನಿಂದ ಮೊದಲ ಸಲ ಚಿಗುರಿ ಮಲಗಿದಳು, ತಾಯಿಯ ನಿದ್ದೆಯೊಳಗೆ.

ದೊರೆ ಎಚ್ಚರಗೊಂಡು, ತನ್ನ ಜನರನ್ನು ಕಂಡು ನಾಚಿದ. ಕಾವಲಿಗೆ ಸರದಿ ಗೊತ್ತುಮಾಡಿದ. ಮಾರಕೇತ ಇನ್ನೂ ಎದ್ದಿಲ್ಲ. ಟಂಕಸಾಲೆಯ ಮೇಲೆ ಹುಲ್ಲು ಬೆಳೆದು, ಈಗ ಅಲ್ಲಿ ದನ ಮೇಯುತ್ತವೆ. ದ್ಯಾಮಿಯ ಕೈ ಕೂಡಿಕೊಂಡಿತು, ಚಿಗುರಿ ಸುಗ್ಗಿ ಕಂಡಳು, ಆಮೇಲೆ ಎಷ್ಟೋ ಸುಗ್ಗಿ ಕಂಡಳು. ಕುಂದಣಗಿರಿಯ ಜನ ಸುಖವಾಗಿ ಮಲಗಿದರು, ಸುಖವಾಗಿ ಎದ್ದರು.

ಆ ಸೀಮೆಯಲ್ಲಿ ಈಗಲೂ ಎಳೆಯ ಕೂಸುಗಳಿಗೆ ತಮ್ಮದೇ ನಿದ್ದೆ ಇರುವುದಿಲ್ಲವಂತೆ. ದೊಡ್ಡವಾಗುವವರೆಗೂ ತಾಯಿಯದರಲ್ಲೇ ಮಲಗುತ್ತವೆ. ಅದಕ್ಕೇ ಕೂಸು ಒಂದಿಷ್ಟು ಮಗ್ಗುಲು ಬದಲಿಸಿದರೂ ಸಾಕು, ತಾಯಿಗೆ ಎಚ್ಚರವಾಗುತ್ತದೆ.