ಕಲಸಿದ ಪಟ್ಟಿ

"ಮುಟ್ಟಬೇಡ!"

ಕಳಿಸುವ ಗುಂಡಿಯ ಮೇಲಿದ್ದ ಅವಳ ಬೆರಳು ಹಾಗೇ ನಿಂತಿತು. ಬಾಗಿಲಲ್ಲಿ ಭೂತಕನ್ನಡಿ ಏದುಸಿರು ಬಿಡುತ್ತಿದ್ದ. ಪ್ರಯೋಗಾಲಯದಲ್ಲಿ ಎಲ್ಲರ ಕಂಪ್ಯೂಟರ್ ಕೋಡ್‌ನಲ್ಲೂ ತಪ್ಪು ಹುಡುಕುವುದೇ ಅವನ ಕೆಲಸ. ಆ ಅಡ್ಡಹೆಸರು ಬಂದದ್ದೇ ಅದರಿಂದ.

"ಇನ್ನು ಇಪ್ಪತ್ತೇ ನಿಮಿಷ. ಆರು ಆಸ್ಪತ್ರೆಯ ಡಾಕ್ಟರುಗಳು ನನ್ನ ಫಲಿತಾಂಶಕ್ಕೆ ಕಾಯ್ತಿದ್ದಾರೆ," ಎಂದಳು. "ಎರಡು ವಾರ ನನ್ನ ಕೋಡ್‌ಗೆ ಒಪ್ಪಿಗೆ ಕೊಡದೆ ಸತಾಯಿಸಿದ್ದು ಸಾಲದಾ?"

"ಸತಾಯಿಸ್ತಿಲ್ಲ ಕಣೇ…"

"ಮದುವೆ ಆಗ್ತೀಯಾ ಅಂತ ನೀನು ಕೇಳ್ದೆ. ನಾನು ಉತ್ತರ ಕೊಡ್ಲಿಲ್ಲ. ಅದರ ಸೇಡು ತಾನೇ ಇದು?"

ಅವನ ಮುಖ ಬಿಳಿಚಿತು. ಕುರ್ಚಿ ಎಳೆದು ಅವಳ ಪಕ್ಕ ಕುಳಿತ.

"ಹೊಸ ಔಷಧಿ ಯಾರಿಗೆ ಕೊಟ್ರು, ಯಾರಿಗೆ ಕೊಡ್ಲಿಲ್ಲ… ಆ ಪಟ್ಟಿನ ಬೇಕಂತಲೇ ಕಲಸಿಬಿಟ್ಟಿದ್ದೀನಿ, ಇಸ್ಪೀಟೆಲೆ ಕಲಸೋ ಹಾಗೆ. ಈಗ ನಿನ್ನ ಪ್ರೋಗ್ರಾಂ ಓಡ್ಸು. ಎರಡೂ ಗುಂಪು ಒಂದೇ ಥರ ಕಾಣ್ಬೇಕು. ಔಷಧಿಯ ಗುಣ ಕಾಣಿಸಲೇಬಾರದು."

ಓಡಿಸಿದಳು.

ಔಷಧಿ ಪಡೆದವರಲ್ಲಿ ನೂರಕ್ಕೆ ಎಪ್ಪತ್ತೊಂದು ಮಂದಿ ಗುಣಮುಖ! ಹಳೆಯ ಅಂಕಿಯೇ. ಒಂದು ಚುಕ್ಕೆಯೂ ಅಲುಗಿರಲಿಲ್ಲ.

ಅವನು ಇನ್ನೊಮ್ಮೆ ಕಲಸಿದ. ಎಪ್ಪತ್ತೊಂದು.

ಅವಳು ಪರದೆಯತ್ತ ಬಾಗಿದಳು. ಹಾಗಾದರೆ… ನನ್ನ ಕೋಡ್ ನೋಡುತ್ತಿರುವುದು ಯಾರನ್ನು?

ಕೋಡ್ ಓದುತ್ತ ಸಾಲು ಸಾಲಾಗಿ ಕೆಳಗಿಳಿದಳು. ನಲವತ್ತನೆಯ ಸಾಲಿನಲ್ಲಿ ನಿಂತಳು. ಪ್ರೋಗ್ರಾಂ ತೆರೆಯಲೆಂದು ಅಲ್ಲಿ ಬರೆದಿದ್ದ ಕಡತದ ಹೆಸರು 'ಅಭ್ಯಾಸ' ಎಂದಿತ್ತು. ಕೆಲಸ ಕಲಿಯುವಾಗ ತಾನೇ ಮನಸ್ಸಿಗೆ ಬಂದಂತೆ ತುಂಬಿದ್ದ ಸುಳ್ಳು ರೋಗಿಗಳು! ಹನ್ನೊಂದು ತಿಂಗಳಿಂದ ಪ್ರೋಗ್ರಾಂ ಓದುತ್ತಿದ್ದದ್ದು ಅವರನ್ನೇ. ನಿಜವಾದ ರೋಗಿಗಳ ಕಡತವನ್ನು ಅದು ಒಮ್ಮೆಯೂ ತೆರೆದಿರಲಿಲ್ಲ.

"ನಾನು ಆಸೆಪಟ್ಟಿದ್ದನ್ನೇ ನನಗೆ ವಾಪಸ್ ಹೇಳ್ತಿತ್ತು…" ಅವಳ ದನಿ ಒಡೆಯಿತು. "ಇದನ್ನ ನಂಬಿ ಡಾಕ್ಟರುಗಳು ಹಳೇ ಔಷಧಿ ನಿಲ್ಸಿದ್ರೆ? ಯಾರಾದ್ರೂ ಸತ್ತಿದ್ರೆ?"

"ಇನ್ನೂ ಕಳಿಸಿಲ್ವಲ್ಲ."

"ನಿಂಗೆ ಯಾವಾಗ ಗೊತ್ತಾಯ್ತು?"

"ಪಟ್ಟಿ ಕಲಸಿ ನೋಡಿದ್ದು ಈಗಷ್ಟೇ, ನೋಡಿದ ತಕ್ಷಣ ಓಡಿ ಬಂದೆ. ಅನುಮಾನ ಮಾತ್ರ ಎರಡು ವಾರದ್ದು. ಬಾಯಿ ಬಿಡೋಕೆ ಹೆದರಿದೆ… ಸೇಡು ಅಂದ್ಕೋತೀಯ ಅಂತ."

ಮೇಜಿನ ಮೇಲೆ ಫೋನ್ ಹೊಡೆದುಕೊಂಡಿತು. ಫಲಿತಾಂಶ ಕೇಳಲು ಪ್ರಯೋಗಾಲಯದ ಪ್ರೊಫೆಸರ್!

ಅವಳಿಗಿಂತ ಮೊದಲು ಅವನು ಅದನ್ನು ಕೈಗೆತ್ತಿಕೊಂಡ. ಅದು ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು.

"ಪರೀಕ್ಷೆ ಮಾಡುವಾಗ ನಾನೇ ಎಲ್ಲ ಕೆಡಿಸಿಬಿಟ್ಟೆ ಅಂತೀನಿ. ನನ್ನ ಹೆಸರು ಹೋದ್ರೆ ಹೋಗ್ಲಿ. ನಿಂಗೆ ಸರಿಮಾಡೋಕೆ ಒಂದು ವಾರ ಸಿಗುತ್ತೆ."

ಅವಳು ಅವನ ಕೈಯಿಂದ ಫೋನ್ ಕಿತ್ತುಕೊಂಡಳು.

"ಬೇಡ. ತಪ್ಪು ನಂದು, ನಾನೇ ಹೇಳ್ತೀನಿ. ನನ್ನ ಗಂಡ ಆಗೋನು ಸುಳ್ಳು ಹೇಳೋದು ಬೇಡ."